ಊರಿನ ಅಂಗಡಿಯಿಂದ ವನ್ ಗ್ರಾಂ ಒಡವೆ ಹೊರದೇಶಕ್ಕೆ ತರಿಸುವುದು ಹೇಗೆ?

ವರಮಹಾಲಕ್ಷ್ಮಿ ಹಬ್ಬಕ್ಕೆ ಕಳಶದ ಅಮ್ಮನವರಿಗೆ ಒಂದು ಕಾಸಿನ ಸರ. ಮಗಳ ರಂಗಪ್ರವೇಶಕ್ಕೆ ಪೂರ್ತಿ ಡ್ಯಾನ್ಸ್ ಸೆಟ್. ಕನ್ನಡ ಸಂಘದ ರಾಜ್ಯೋತ್ಸವಕ್ಕೆ ಇಳಕಲ್ ಸೀರೆಗೆ ಒಪ್ಪುವ ಜುಮುಕಿ. ಲಂಡನ್‌ನಲ್ಲೋ ಟೆಕ್ಸಾಸ್‌ನಲ್ಲೋ ಮೆಲ್ಬರ್ನ್‌ನಲ್ಲೋ ಇರುವ ನಮ್ಮವರಿಗೆ ಇಂಥ ವನ್ ಗ್ರಾಂ ಒಡವೆ, ಅಂದರೆ ಚಿನ್ನದ ಲೇಪ ಕೊಟ್ಟ ಒಡವೆ, ಹತ್ತಿರದ ಅಂಗಡಿಯಲ್ಲಿ ಸಿಗುವುದು ಕಷ್ಟ. ಸಿಕ್ಕರೂ ಬೆಲೆ ಜಾಸ್ತಿ, ಆಯ್ಕೆ ಕಡಿಮೆ. ಹಾಗಾಗಿ ಬೆಂಗಳೂರಿನಿಂದಲೋ ಚೆನ್ನೈನಿಂದಲೋ ಆನ್‌ಲೈನ್‌ನಲ್ಲಿ ನೇರವಾಗಿ ತರಿಸುವವರೇ ಹೆಚ್ಚು. ನಮ್ಮ ಮನಸ್ಸಿಗೆ ಅದು ಊರಿನ ಅಂಗಡಿ. ಆದರೆ ಕಸ್ಟಮ್ಸ್‌ನವರಿಗೂ ಬ್ಯಾಂಕಿನವರಿಗೂ ಅದು ಹೊರದೇಶದ ವ್ಯಾಪಾರಿ, ಅಷ್ಟೇ. ಇಲ್ಲಿನ ಅಂಗಡಿಯಲ್ಲಿ ಕೊಂಡಾಗ ಇರುವ ಅನುಕೂಲಗಳು ಅಲ್ಲಿ ಇರುವುದಿಲ್ಲ.

ಅದರಲ್ಲೂ ಒಂದು ಅನುಕೂಲ ಇಲ್ಲವೇ ಇಲ್ಲ ಎಂದುಕೊಂಡೇ ಹೊರಡಿ. ಅದು ವಾಪಸ್ ಕೊಡುವುದು. 1,500 ರೂಪಾಯಿಯ ಜುಮುಕಿಯನ್ನು ಇಲ್ಲಿಂದ ಭಾರತಕ್ಕೆ ಟ್ರ್ಯಾಕಿಂಗ್ ಇರುವ ಅಂಚೆಯಲ್ಲಿ ಕಳಿಸಲು ಜುಮುಕಿಗಿಂತ ಹೆಚ್ಚು ಖರ್ಚಾಗಬಹುದು. ಅಲ್ಲಿ ತಲುಪಿದಾಗ ಅಂಗಡಿಯವರು ಅದನ್ನು ಕಸ್ಟಮ್ಸ್‌ನಿಂದ ಬಿಡಿಸಿಕೊಳ್ಳಬೇಕು. ತಮ್ಮದೇ ಮಾಲು ವಾಪಸ್ ಬಂದಿದೆ ಎಂದು ಕಾಗದ ತೋರಿಸದಿದ್ದರೆ ಸುಂಕವೂ ಬೀಳಬಹುದು. ಸಣ್ಣ ವ್ಯಾಪಾರಿಗಳು 'ನೋ ರಿಟರ್ನ್, ನೋ ಎಕ್ಸ್‌ಚೇಂಜ್' ಎಂದು ಬರೆದಿರುವುದರ ಹಿಂದೆ ಇದೂ ಒಂದು ಕಾರಣ. ಅದಕ್ಕೇ ಈ ವ್ಯವಹಾರದಲ್ಲಿ ನೋಡುವುದು, ಕೇಳುವುದು, ಅಳೆಯುವುದು ಎಲ್ಲ ದುಡ್ಡು ಕಟ್ಟುವ ಮೊದಲೇ ಮುಗಿಯಬೇಕು. ಕೆಳಗಿನ ಹೆಜ್ಜೆಗಳಲ್ಲಿ ಹೆಚ್ಚಿನವು ಆ ಹಂತದವೇ.

ಹೆಜ್ಜೆ 1: ತರಿಸುತ್ತಿರುವುದು ಏನು ಎಂದು ಗೊತ್ತಿರಲಿ

ನಮ್ಮ ಅಮ್ಮಂದಿರು ಇದನ್ನೆಲ್ಲ ರೋಲ್ಡ್ ಗೋಲ್ಡ್, ಕವರಿಂಗ್ ಎನ್ನುತ್ತಿದ್ದರು. ಈಗ ವನ್ ಗ್ರಾಂ ಗೋಲ್ಡ್, ಮೈಕ್ರೋ ಪ್ಲೇಟಿಂಗ್, ಮ್ಯಾಟ್ ಫಿನಿಶ್, ಟೆಂಪಲ್ ಸೆಟ್ ಎಂಬ ಹೆಸರುಗಳು. ವನ್ ಗ್ರಾಂ ಎಂದ ಮಾತ್ರಕ್ಕೆ ಆ ಒಡವೆಯಲ್ಲಿ ಒಂದು ಗ್ರಾಂ ಚಿನ್ನ ಇದೆ ಎಂದಲ್ಲ. ಒಳಗೆ ಹಿತ್ತಾಳೆ, ತಾಮ್ರ ಅಥವಾ ಸತುವಿನ ಮಿಶ್ರಲೋಹ ಇರುತ್ತದೆ, ಮೇಲೆ ತೆಳುವಾದ ಚಿನ್ನದ ಲೇಪ. ಈ ಲೇಪಕ್ಕೆ ಭಾರತದಲ್ಲಿ ಹಾಲ್‌ಮಾರ್ಕ್ ಇಲ್ಲ. ಭಾರತೀಯ ಮಾನಕ ಬ್ಯೂರೋದ (ಬಿಐಎಸ್) ಈ ಶುದ್ಧತೆಯ ಮುದ್ರೆ ಇರುವುದು ಚಿನ್ನ, ಬೆಳ್ಳಿಯ ಒಡವೆಗಳಿಗೆ ಮಾತ್ರ. ಹಾಗಾಗಿ ಲೇಪದ ವಿಷಯದಲ್ಲಿ ವ್ಯಾಪಾರಿಯ ಮಾತೇ ಆಧಾರ. ಆ ಮಾತನ್ನು ಬರಹದಲ್ಲಿ ಪಡೆಯುವುದು ನಮ್ಮ ಕೆಲಸ.

ಇವು ತಯಾರಾಗುವ ಊರುಗಳು ಯಾವುವು ಎಂದು ತಿಳಿದಿದ್ದರೆ ಬೆಲೆ ಅಂದಾಜು ಮಾಡುವುದು ಸುಲಭ. ಆಂಧ್ರದ ಮಚಲೀಪಟ್ಟಣದ ಚಿಲಕಲಪೂಡಿ ರೋಲ್ಡ್ ಗೋಲ್ಡ್‌ಗೆ ಹೆಸರುವಾಸಿ. ಗುಜರಾತಿನ ರಾಜ್‌ಕೋಟ್, ಮುಂಬೈನ ಮಲಾಡ್ ಕಡೆಯಿಂದ ಇಮಿಟೇಶನ್ ಮಾಲು ದೇಶಕ್ಕೆಲ್ಲ ಹೋಗುತ್ತದೆ. ಇನ್‌ಸ್ಟಾಗ್ರಾಂನಲ್ಲಿ ಕಾಣುವ ಎಷ್ಟೋ ಅಂಗಡಿಗಳು ಇಂಥ ಕಡೆಯಿಂದ ತಂದು ಮಾರುವವು, ತಾವೇ ತಯಾರಿಸುವವಲ್ಲ. ಒಂದೇ ಅಚ್ಚಿನ ಲಕ್ಷ್ಮೀ ಪದಕ ಐದು ಅಂಗಡಿಗಳಲ್ಲಿ ಐದು ಬೆಲೆಗೆ ಇರುತ್ತದೆ. ಇಷ್ಟವಾದ ಫೋಟೋವನ್ನು ಗೂಗಲ್ ಲೆನ್ಸ್‌ಗೆ ಹಾಕಿ ನೋಡಿ, ಕೂಡಲೇ ಗೊತ್ತಾಗುತ್ತದೆ. ಅಂಗಡಿ ಬೇರೆಯವರ ಫೋಟೋ ಕದ್ದು ಹಾಕಿಕೊಂಡಿದೆಯೇ ಎಂಬುದೂ ಅಲ್ಲೇ ತಿಳಿಯುತ್ತದೆ.

ಇನ್ನು ನಿಜವಾದ ಟೆಂಪಲ್ ಜ್ಯುವೆಲರಿ ಬೇರೆಯೇ. ತಮಿಳುನಾಡಿನ ನಾಗರಕೋಯಿಲ್ ಹತ್ತಿರದ ವಡಸೇರಿಯಲ್ಲಿ ಕೈಯಲ್ಲಿ ಮಾಡುವ ಈ ಒಡವೆಗೆ ಭೌಗೋಳಿಕ ಸೂಚಿ ಮಾನ್ಯತೆ ಇದೆ. ಬೆಳ್ಳಿಯ ಮೇಲೆ ಚಿನ್ನದ ಹಾಳೆ ಹೊದಿಸಿ ಕೆಂಪು ಕಲ್ಲು ಕೂರಿಸುತ್ತಾರೆ. ರಂಗಪ್ರವೇಶಕ್ಕೆ ಕೆಲವರು ಇದನ್ನೇ ಮಾಡಿಸುತ್ತಾರೆ. ಬೆಲೆ ಎಷ್ಟೋ ಪಟ್ಟು. ಅದು ಬೆಳ್ಳಿಯ ಒಡವೆ ಆದ್ದರಿಂದ ಕಸ್ಟಮ್ಸ್‌ನಲ್ಲಿ ವರ್ಗವೂ ಬೇರೆ, ಸುಂಕವೂ ಬೇರೆ. ಇಮಿಟೇಶನ್ ಒಡವೆಯ ಪಾರ್ಸೆಲ್‌ನಲ್ಲಿ ಇದನ್ನು ಸೇರಿಸಿ ಕಳಿಸಲು ಹೇಳಬೇಡಿ. ಕ್ಲಾಸಿಗೆ, ಸಂಘದ ಕಾರ್ಯಕ್ರಮಕ್ಕೆ ಹಾಕಲು ಹಿತ್ತಾಳೆಯ ಸೆಟ್ ಸಾಕು. ಬೆಳೆಯುವ ಮಕ್ಕಳಿಗಂತೂ ಅದೇ ಸರಿ.

ಹೆಜ್ಜೆ 2: ಅಂಗಡಿ ನಿಜವಾಗಿ ಇದೆಯಾ ನೋಡಿ

ಫಾಲೋವರ್‌ಗಳ ಸಂಖ್ಯೆ ನೋಡಿ ನಂಬಬೇಡಿ. ಜಿಎಸ್‌ಟಿ ನಂಬರ್ ಕೇಳಿ. ಅದು 15 ಅಕ್ಷರ-ಅಂಕಿಗಳದ್ದು. ಮೊದಲ ಎರಡು ಅಂಕಿ ರಾಜ್ಯದ್ದು: ಕರ್ನಾಟಕ 29, ತಮಿಳುನಾಡು 33, ಆಂಧ್ರ 37, ಮಹಾರಾಷ್ಟ್ರ 27, ಗುಜರಾತ್ 24. 'ನಮ್ಮದು ಚಿಕ್ಕಪೇಟೆಯಲ್ಲಿ ಅಂಗಡಿ' ಎನ್ನುವವರ ನಂಬರ್ 29ರಿಂದ ಶುರುವಾಗದಿದ್ದರೆ ಯಾಕೆ ಎಂದು ಕೇಳುವುದು ತಪ್ಪಲ್ಲ. ಜಿಎಸ್‌ಟಿ ಪೋರ್ಟಲ್‌ನಲ್ಲಿ ಲಾಗಿನ್ ಇಲ್ಲದೆಯೇ ಆ ನಂಬರ್ ಹಾಕಿ ಹುಡುಕಬಹುದು. ವ್ಯಾಪಾರದ ಹೆಸರು, ನೋಂದಣಿ ಆದ ದಿನ, ಈಗ ಚಾಲ್ತಿಯಲ್ಲಿದೆಯೇ ಎಂಬುದೆಲ್ಲ ಬರುತ್ತದೆ.

ಜೊತೆಗೆ ಐಇಸಿ ಇದೆಯಾ ಎಂದು ಕೇಳಿ. ಭಾರತದಿಂದ ವ್ಯಾಪಾರವಾಗಿ ಹೊರದೇಶಕ್ಕೆ ಮಾಲು ಕಳಿಸಲು ಈ ಆಮದು-ರಫ್ತು ಸಂಕೇತ ಬೇಕು. ಇದು ಇಲ್ಲದವರು ಸಾಮಾನ್ಯವಾಗಿ 'ಗಿಫ್ಟ್ ಅಂತ ಹಾಕಿ ಕಳಿಸ್ತೀವಿ ಮೇಡಂ, ಟ್ಯಾಕ್ಸ್ ಬೀಳಲ್ಲ' ಎನ್ನುತ್ತಾರೆ. ಕೇಳಲು ಹಿತವಾಗಿರುತ್ತದೆ. ಒಪ್ಪಬೇಡಿ. ದುಡ್ಡು ಕೊಟ್ಟು ಕೊಂಡದ್ದು ಯಾವ ದೇಶದ ಕಾನೂನಿನಲ್ಲೂ ಗಿಫ್ಟ್ ಅಲ್ಲ. ಸುಳ್ಳು ಎಂದು ಕಂಡರೆ ಪಾರ್ಸೆಲ್ ಹಿಡಿದಿಡುತ್ತಾರೆ. ಇನ್ನೊಂದು ತೊಂದರೆಯೂ ಇದೆ. ಪಾರ್ಸೆಲ್ ಕಳೆದುಹೋದರೆ 300 ರೂಪಾಯಿ ಗಿಫ್ಟ್ ಎಂದು ಬರೆದ ಚೀಟಿ ಹಿಡಿದು 12,000 ರೂಪಾಯಿ ಪರಿಹಾರ ಕೇಳಲು ಆಗುವುದಿಲ್ಲ.

ಮನೆಯಿಂದಲೇ ಸಣ್ಣ ವ್ಯಾಪಾರ ಮಾಡುವ ಹೆಣ್ಣುಮಕ್ಕಳು ಎಷ್ಟೋ ಜನ ಇದ್ದಾರೆ, ಅವರಲ್ಲಿ ಒಳ್ಳೆಯ ಮಾಲೂ ಇರುತ್ತದೆ. ಅಂಥವರಿಂದ ಕೊಳ್ಳಬೇಡಿ ಎಂದು ನಾನು ಹೇಳುವುದಿಲ್ಲ. ನೋಂದಣಿ ಇಲ್ಲದವರಾದರೆ ಊರಿನಲ್ಲಿರುವ ಅಕ್ಕನ ಮನೆಗೆ ಮೊದಲು ತರಿಸಿ, ಅವರು ಕಣ್ಣಾರೆ ನೋಡಿದ ಮೇಲೆ ಮುಂದಿನದು ಯೋಚಿಸಿ.

ಹೆಜ್ಜೆ 3: ಅಳತೆ

ಬಳೆಯಲ್ಲಿ ಎಡವುವವರೇ ಜಾಸ್ತಿ. 2.4, 2.6, 2.8, 2.10 ಎಂದು ಬರೆದಿರುತ್ತಾರಲ್ಲ, ಚುಕ್ಕೆಯ ಆಚೆಗಿನದು ದಶಾಂಶ ಅಲ್ಲ. ಅದು ಇಂಚಿನ ಹದಿನಾರನೇ ಭಾಗದ ಲೆಕ್ಕ. 2.4 ಎಂದರೆ 2 ಇಂಚು, ಅದರ ಮೇಲೆ ಹದಿನಾರರಲ್ಲಿ ನಾಲ್ಕು ಭಾಗ. ಅಂದರೆ ಎರಡೂಕಾಲು ಇಂಚು, ಸುಮಾರು 57 ಮಿಲಿಮೀಟರ್. ಹಾಗೆಯೇ 2.6ಕ್ಕೆ ಸುಮಾರು 60 ಮಿಲಿಮೀಟರ್. 2.8ಕ್ಕೆ ಎರಡೂವರೆ ಇಂಚು, ಅಂದರೆ 63.5. ಇನ್ನು 2.10 ಎಂದರೆ ಎರಡು-ಹತ್ತು, ಸುಮಾರು 67 ಮಿಲಿಮೀಟರ್. ಕಂಪ್ಯೂಟರ್ ಇದನ್ನು 2.1 ಎಂದು ಓದಿ ಪಟ್ಟಿಯಲ್ಲಿ ಎಲ್ಲಕ್ಕಿಂತ ಮೇಲೆ ತೋರಿಸುತ್ತದೆ, ಚಿಕ್ಕದೆಂದು ಜನ ಮಗುವಿಗೆ ಆರ್ಡರ್ ಮಾಡುತ್ತಾರೆ! ನಿಜಕ್ಕೂ ಅದು ಇವುಗಳಲ್ಲೇ ದೊಡ್ಡದು.

ನಿಮಗೆ ಸರಿಹೊಂದುವ ಒಂದು ಬಳೆಯನ್ನು ಸ್ಕೇಲಿನ ಮೇಲೆ ಇಡಿ. ಒಳಗಿನ ಅಂಚಿನಿಂದ ಒಳಗಿನ ಅಂಚಿಗೆ, ನಡುಮಧ್ಯದಲ್ಲಿ ಅಳೆಯಿರಿ. ಆ ಮಿಲಿಮೀಟರ್ ಸಂಖ್ಯೆಯನ್ನೇ ಅಂಗಡಿಯವರಿಗೆ ಹೇಳಿ, ಸೈಜ್ ಅವರು ಹೇಳಲಿ. ಅಗಲವಾದ ಕಡಗ ಆದರೆ ಒಂದು ಸೈಜ್ ದೊಡ್ಡದು ತೆಗೆದುಕೊಳ್ಳುವುದು ಒಳ್ಳೆಯದು. ತೆಳು ಬಳೆ ಹಾಗೋ ಹೀಗೋ ಕೈಗೆ ಏರುತ್ತದೆ, ಅಗಲದ ಕಡಗ ಗೆಣ್ಣಿನಲ್ಲಿ ನಿಂತುಬಿಡುತ್ತದೆ. ತಿರುಪು ಬಿಚ್ಚಿ ಹಾಕುವ ಕಡಗವಾದರೆ ಈ ತಲೆನೋವೇ ಇಲ್ಲ.

ಓಲೆ, ಜುಮುಕಿಗಳಲ್ಲಿ ಎರಡು ವಿಷಯ. ಒಂದು ತೂಕ. ಫೋಟೋದಲ್ಲಿ ತೂಕ ಕಾಣುವುದಿಲ್ಲ, ಗ್ರಾಂನಲ್ಲಿ ಕೇಳಿ. ಒಂದೊಂದು 15 ಗ್ರಾಂ ದಾಟಿದರೆ ಮಾಟಿ (ಓಲೆಯ ಭಾರ ಹೊರಲು ಕೂದಲಿಗೆ ಸಿಕ್ಕಿಸುವ ಸರಪಳಿ) ಇಲ್ಲದೆ ಸಂಜೆಯವರೆಗೆ ಹಾಕಿಕೊಂಡಿರುವುದು ಕಷ್ಟ. ಎರಡು, ಕಡ್ಡಿಯ ದಪ್ಪ. ನಮ್ಮ ತಿರುಪಿನ ಓಲೆಗಳ ಕಡ್ಡಿ ದಪ್ಪಗಿರುತ್ತದೆ. ಹೊರದೇಶದ ಪಿಯರ್ಸಿಂಗ್ ಅಂಗಡಿಯಲ್ಲಿ ಕಿವಿ ಚುಚ್ಚಿಸಿದ ಮಕ್ಕಳ ತೂತು ಸಾಮಾನ್ಯವಾಗಿ ಸಣ್ಣದು. ದಪ್ಪ ತಿರುಪನ್ನು ಒತ್ತಿ ತೂರಿಸಿದರೆ ಕಾರ್ಯಕ್ರಮದ ದಿನವೇ ಕಿವಿ ಕೆಂಪಾಗುತ್ತದೆ. 'ತಿರುಪಾ, ಪುಶ್ ಬ್ಯಾಕಾ? ಕಡ್ಡಿ ಎಷ್ಟು ಮಿಲಿಮೀಟರ್?' ಎಂದು ಕೇಳಿ. ಕಿವಿಯ ಮೇಲ್ಭಾಗಕ್ಕೆ ಹಾಕುವ ಬುಗುಡಿ, ಮೂಗುತಿಗಳು ಒತ್ತಿ ಹಾಕುವ ಪ್ರೆಸ್ ಮಾದರಿಯಲ್ಲೂ ಸಿಗುತ್ತವೆ. ಚುಚ್ಚಿಸಿಕೊಳ್ಳದವರಿಗೆ ಅವೇ ಸರಿ.

ಡ್ಯಾನ್ಸ್ ಸೆಟ್ ಆದರೆ ಡಾಬಿನ ಅಳತೆಯನ್ನು ಡ್ರೆಸ್ ಹಾಕಿಸಿದ ಮೇಲೆ, ಮಡಿಕೆಗಳ ಮೇಲಿನಿಂದಲೇ ತೆಗೆಯಿರಿ. ಬರೀ ಸೊಂಟದ ಅಳತೆ ಕೊಟ್ಟರೆ ಕೊಕ್ಕೆ ಮುಟ್ಟುವುದಿಲ್ಲ. ವಂಕಿಗೂ ಹಾಗೆಯೇ, ರವಿಕೆ ತೋಳಿನ ಮೇಲಿಂದ. ಬೈತಲೆಬೊಟ್ಟಿಗೆ ಹಣೆಯ ಕೂದಲಂಚಿನಿಂದ ನೆತ್ತಿಯವರೆಗಿನ ಉದ್ದ ಸಾಕು. ಸರಗಳಿಗೆ ಪೂರ್ತಿ ಉದ್ದ ಇಂಚಿನಲ್ಲಿ ಕೇಳಿ. ಹಿಂದೆ ಚೈನ್ ಇದೆಯೋ ಎಳೆದು ಕಟ್ಟುವ ದಾರ ಇದೆಯೋ ಅದನ್ನೂ ಕೇಳಿ. ದಾರ ಇದ್ದರೆ ಉದ್ದ ಹೆಚ್ಚುಕಡಿಮೆ ಮಾಡಿಕೊಳ್ಳಬಹುದು.

ಹೆಜ್ಜೆ 4: ಹಿಂಬದಿಯ ಫೋಟೋ ಕೇಳಿ

ಒಡವೆಯ ಮುಂಭಾಗದ ಫೋಟೋ ಎಲ್ಲರೂ ಚೆನ್ನಾಗೇ ತೆಗೆಯುತ್ತಾರೆ. ಕೆಲಸದ ಗುಣ ಕಾಣುವುದು ಹಿಂಭಾಗದಲ್ಲಿ. ಪದಕದ ಹಿಂದೆ ಬೆಸುಗೆ ಒರಟಾಗಿ ಉಬ್ಬಿದೆಯಾ? ಅಂಟಿನ ಕಲೆ ಹೊರಗೆ ಹರಿದಿದೆಯಾ? ಲೇಪ ಹಿಂದೆಯೂ ಒಂದೇ ಸಮ ಇದೆಯಾ, ಅಥವಾ ಅಲ್ಲಲ್ಲಿ ಬೂದು, ಹಸಿರು ಛಾಯೆ ಇದೆಯಾ? ಅಂಚುಗಳನ್ನು ನುಣುಪು ಮಾಡಿದ್ದಾರಾ? ಒರಟು ಅಂಚು ರೇಷ್ಮೆ ಸೀರೆಯ ಎಳೆ ಎಳೆಯುತ್ತದೆ, ಮಕ್ಕಳ ಕತ್ತನ್ನೂ ಗೀರುತ್ತದೆ. ಕೊಂಡಿಗಳ ಬಾಯಿ ಪೂರ್ತಿ ಮುಚ್ಚಿದೆಯಾ? ಬಾಯಿ ಬಿಟ್ಟ ಕೊಂಡಿಯಿಂದಲೇ ಮುತ್ತಿನ ಗೊಂಚಲು ಉದುರುವುದು.

ಕಲ್ಲುಗಳನ್ನು ಹತ್ತಿರದಿಂದ ನೋಡಿ. ಕೆಂಪು ಕಲ್ಲಿನ ಹಿಂದೆ ಹೊಳೆಯುವ ಹಾಳೆ ಇಟ್ಟಿರುತ್ತಾರೆ. ಬೆಳಕು ಬಿದ್ದಾಗ ಒಳಗಿನಿಂದ ಮಿನುಗುವುದು ಅದರಿಂದಲೇ. ಆ ಹಾಳೆಗೆ ನೀರು ತಾಗಿದರೆ ಕಲ್ಲು ಕಪ್ಪಗೆ ಕಾಣುತ್ತದೆ. ಸುತ್ತ ಲೋಹದ ಅಂಚು ಬಗ್ಗಿಸಿ ಕಲ್ಲು ಹಿಡಿಸಿದ್ದರೆ ಬಾಳಿಕೆ ಹೆಚ್ಚು. ಬರೀ ಅಂಟಿನ ಮೇಲೆ ಕೂರಿಸಿದ್ದರೆ ಮೂರು-ನಾಲ್ಕು ಬಿಡಿ ಕಲ್ಲು ಜೊತೆಗೆ ಕಳಿಸಲು ಹೇಳಿ. ಕೇಳಿದರೆ ಹಾಕಿಕೊಡುವವರಿದ್ದಾರೆ.

ಅಂಗಡಿಯವರಿಗೆ ವಾಟ್ಸ್‌ಆ್ಯಪ್‌ನಲ್ಲಿ ಹೀಗೆ ಬರೆಯಬಹುದು:

"ನಮಸ್ಕಾರ. ಈ ಸೆಟ್ ಇಷ್ಟ ಆಯ್ತು. ಕಿಟಕಿ ಬೆಳಕಲ್ಲಿ, ಫಿಲ್ಟರ್ ಇಲ್ದೆ ಒಂದು ವಿಡಿಯೋ ಕಳಿಸ್ತೀರಾ? ಹಿಂದುಗಡೆ ಫೋಟೋ ಬೇಕು. ಒಳಗೆ ಹಿತ್ತಾಳೆನಾ, ಬೇರೆ ಮೆಟಲ್ಲಾ? ನಿಕ್ಕೆಲ್ ಇದ್ಯಾ? ಒಂದು ಜುಮುಕಿ ಎಷ್ಟು ಗ್ರಾಂ? ಕಲರ್ ಹೋದ್ರೆ ರೀಪಾಲಿಶ್ ಮಾಡ್ಕೊಡ್ತೀರಾ? ಬಿಲ್ ಜೊತೆ ಕಳಿಸ್ಬೇಕು."

ಇದಕ್ಕೆ ಸರಿಯಾದ ಉತ್ತರ ಕೊಡುವವರೇ ಒಳ್ಳೆಯ ವ್ಯಾಪಾರಿ. 'ಲಾಸ್ಟ್ ಪೀಸ್ ಅಕ್ಕಾ, ಬೇಗ ಪೇ ಮಾಡಿ' ಎಂದಷ್ಟೇ ಬಂದರೆ ಅಲ್ಲಿಗೇ ಬಿಡಿ. ಇದೇ ಅಚ್ಚು ಇನ್ನೊಂದು ಕಡೆ ಇದ್ದೇ ಇರುತ್ತದೆ. ಬಂದ ಉತ್ತರಗಳ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ. ಮುಂದೆ ಬ್ಯಾಂಕಿನ ಹತ್ತಿರ ಹೋಗಬೇಕಾಗಿ ಬಂದರೆ ಇವೇ ಸಾಕ್ಷಿ.

ಹೆಜ್ಜೆ 5: ಮೈಗೆ ಆಗುತ್ತದೆಯೇ? ಮಕ್ಕಳಿಗೆ ಸುರಕ್ಷಿತವೇ?

ಈ ಹೆಜ್ಜೆಯನ್ನು ಹಲವರು ಹಾರಿಸಿಬಿಡುತ್ತಾರೆ. ಬೇಡ. ಹಿತ್ತಾಳೆಯ ಮೇಲೆ ನೇರ ಚಿನ್ನದ ಲೇಪ ಕೊಟ್ಟರೆ ತಾಮ್ರ ಮೇಲಕ್ಕೆ ಬಂದು ಬಣ್ಣ ಕೆಡುತ್ತದೆ. ಅದನ್ನು ತಡೆಯಲು ನಡುವೆ ನಿಕ್ಕೆಲ್ ಪದರ ಕೊಡುವ ರೂಢಿ ಇದೆ. ಅಂದರೆ 'ಪ್ಯೂರ್ ಬ್ರಾಸ್' ಎಂದು ಬರೆದಿದ್ದರೂ ನಿಕ್ಕೆಲ್ ಇರಬಹುದು. ಮೇಲಿನ ಲೇಪ ಸವೆದ ಮೇಲೆ ಅಲರ್ಜಿ ಇರುವವರಿಗೆ ಕಿವಿ ತುರಿಕೆ, ಕತ್ತಿನಲ್ಲಿ ಗುಳ್ಳೆ ಬರುತ್ತವೆ.

ಯುರೋಪಿಯನ್ ಒಕ್ಕೂಟದಲ್ಲಿ ಇದಕ್ಕೆ ಕಟ್ಟುನಿಟ್ಟಿನ ಮಿತಿ ಇದೆ. ಚರ್ಮಕ್ಕೆ ಬಹಳ ಹೊತ್ತು ತಾಗುವ ಒಡವೆಯಿಂದ ವಾರಕ್ಕೆ ಪ್ರತಿ ಚದರ ಸೆಂಟಿಮೀಟರ್‌ಗೆ 0.5 ಮೈಕ್ರೋಗ್ರಾಂಗಿಂತ ಹೆಚ್ಚು ನಿಕ್ಕೆಲ್ ಹೊರಬರಬಾರದು. ಚುಚ್ಚಿದ ಜಾಗಕ್ಕೆ ಹಾಕುವ ಕಡ್ಡಿಗಳಿಗೆ ಮಿತಿ 0.2. ಒಡವೆಯ ಲೋಹದಲ್ಲಿ ಕ್ಯಾಡ್ಮಿಯಂ ಶೇ. 0.01, ಸೀಸ ಶೇ. 0.05 ದಾಟಬಾರದು. ಅಮೆರಿಕದಲ್ಲಿ ಮಕ್ಕಳ ವಸ್ತುಗಳಲ್ಲಿ ಸೀಸ ಹತ್ತು ಲಕ್ಷಕ್ಕೆ 100 ಭಾಗ ಮೀರುವಂತಿಲ್ಲ. ಆದರೆ ನಾವು ನೇರ ತರಿಸುವ ಒಂದೊಂದು ಪಾರ್ಸೆಲ್ ಅನ್ನು ಯಾರೂ ಲ್ಯಾಬ್‌ಗೆ ಕಳಿಸಿ ಪರೀಕ್ಷೆ ಮಾಡುವುದಿಲ್ಲ. ಆ ಎಚ್ಚರಿಕೆ ನಮ್ಮದೇ.

ನಿಕ್ಕೆಲ್ ಟೆಸ್ಟ್ ಕಿಟ್ ಆನ್‌ಲೈನ್‌ನಲ್ಲಿ ಸಿಗುತ್ತದೆ. ಡೈಮೀಥೈಲ್ ಗ್ಲೈಆಕ್ಸಿಮ್ ಎಂಬ ದ್ರವದಲ್ಲಿ ಹತ್ತಿ ಅದ್ದಿ ಒಡವೆಯ ಹಿಂಭಾಗಕ್ಕೆ ಉಜ್ಜಬೇಕು. ಹತ್ತಿ ಗುಲಾಬಿ ಬಣ್ಣಕ್ಕೆ ತಿರುಗಿದರೆ ನಿಕ್ಕೆಲ್ ಹೊರಬರುತ್ತಿದೆ ಎಂದರ್ಥ. ಮನೆಯಲ್ಲಿ ಯಾರಿಗಾದರೂ ಅಲರ್ಜಿ ಇದ್ದರೆ ಒಂದು ಕಿಟ್ ಇಟ್ಟುಕೊಳ್ಳಿ. ನನ್ನ ಸಲಹೆ ಕೇಳಿದರೆ, ಕಿವಿಗೆ ಬೆಳ್ಳಿಯ ಕಡ್ಡಿ ಇರುವ ಓಲೆಯನ್ನೇ ಕೇಳಿ. ಉದ್ದ ಸರ, ಡಾಬು ಹೆಚ್ಚಾಗಿ ಬಟ್ಟೆಯ ಮೇಲೆ ಕೂರುತ್ತವೆ, ಚಿಂತೆ ಕಡಿಮೆ. ಎಲ್ಲವನ್ನೂ ಬಾಯಿಗೆ ಹಾಕುವ ವಯಸ್ಸಿನ ಮಗುವಿಗೆ ಮಾತ್ರ ಇಮಿಟೇಶನ್ ಒಡವೆ ಬೇಡವೇ ಬೇಡ. ನಾಮಕರಣದ ಫೋಟೋಗೆ ಬೇಕಿದ್ದರೆ ಹೂವಿನದ್ದು ಹಾಕಿ.

ಹೆಜ್ಜೆ 6: ಬಾಗಿಲಿಗೆ ಬರುವ ಹೊತ್ತಿಗೆ ಎಷ್ಟಾಗುತ್ತದೆ?

ಸೈಟಿನಲ್ಲಿ ಕಾಣುವ ಬೆಲೆಗೆ ನಾಲ್ಕು ಸೇರಿಸಿ: ಸಾಗಣೆ, ನಿಮ್ಮ ದೇಶದ ತೆರಿಗೆ ಮತ್ತು ಸುಂಕ, ಕೊರಿಯರ್‌ನವರ ನಿರ್ವಹಣಾ ಶುಲ್ಕ, ಕಾರ್ಡಿನ ವಿದೇಶಿ ವಹಿವಾಟು ಶುಲ್ಕ. ಕೊನೆಯದು ಎಷ್ಟೋ ಕಾರ್ಡುಗಳಲ್ಲಿ ಶೇ. 3ರ ಸುತ್ತಮುತ್ತ.

ಬ್ರಿಟನ್‌ನಲ್ಲಿ 2021ರ ಜನವರಿ 1ರಿಂದ ಒಂದು ನಿಯಮ ಇದೆ. ಒಳಗಿನ ಮಾಲಿನ ಬೆಲೆ 135 ಪೌಂಡ್ ಮೀರದಿದ್ದರೆ ಕಸ್ಟಮ್ಸ್ ಸುಂಕ ಇಲ್ಲ, ಆದರೆ ಶೇ. 20 ವ್ಯಾಟ್ ಉಂಟು. ಅದನ್ನು ಮಾರಾಟದ ಹೊತ್ತಿನಲ್ಲೇ ವ್ಯಾಪಾರಿ ಅಥವಾ ಮಾರುಕಟ್ಟೆ ತಾಣ ವಸೂಲಿ ಮಾಡಬೇಕು. ಒಂದು ಲೆಕ್ಕ ನೋಡೋಣ. ಒಡವೆ 100 ಪೌಂಡ್, ಸಾಗಣೆ 25 ಪೌಂಡ್ ಎಂದಿಟ್ಟುಕೊಳ್ಳಿ. 125ರ ಮೇಲೆ ವ್ಯಾಟ್ 25. ಕಾರ್ಡ್ ಶುಲ್ಕ ಸುಮಾರು 4.50. ಒಟ್ಟು 154.50 ಪೌಂಡ್. ನೂರರ ಸೆಟ್ ಮನೆಗೆ ಬರುವಾಗ ಒಂದೂವರೆ ಪಟ್ಟು! 135 ದಾಟಿದರೆ ಸುಂಕವೂ ಸೇರುತ್ತದೆ, ಬಾಗಿಲಲ್ಲಿ ವಸೂಲಿ ಮಾಡುವ ಕೊರಿಯರ್‌ನವರ ಶುಲ್ಕವೂ ಸೇರುತ್ತದೆ. ಹಾಗಾಗಿ ಒಡವೆಯ ಬೆಲೆಯೇ 140 ಪೌಂಡ್ ಆಗುತ್ತಿದ್ದರೆ ಒಂದು ಜೊತೆ ಓಲೆ ತೆಗೆದು ಮಿತಿಯೊಳಗೆ ತರುವುದು ಜಾಣತನ. ಒಂದೇ ಆರ್ಡರ್ ಅನ್ನು ಒಂದೇ ದಿನ ಎರಡು ಪೊಟ್ಟಣ ಮಾಡಿಸುವುದು ಮಾತ್ರ ಬೇಡ. ಅದನ್ನು ಒಂದೇ ಎಂದು ಲೆಕ್ಕ ಹಾಕುವ ಅಧಿಕಾರ ಕಸ್ಟಮ್ಸ್‌ಗೆ ಇದೆ.

ಅಮೆರಿಕದಲ್ಲಿ 800 ಡಾಲರ್ ಒಳಗಿನ ಪಾರ್ಸೆಲ್ ಸುಂಕವಿಲ್ಲದೆ ಬರುತ್ತಿತ್ತು. 2025ರ ಆಗಸ್ಟ್ 29ರಿಂದ ಆ ವಿನಾಯಿತಿ ನಿಂತಿತು. ಅದೇ ಹೊತ್ತಿಗೆ ಭಾರತೀಯ ಅಂಚೆ ಅಮೆರಿಕಕ್ಕೆ ಪಾರ್ಸೆಲ್ ಕಳಿಸುವುದನ್ನೇ ನಿಲ್ಲಿಸಿ, ಅಕ್ಟೋಬರ್ 15ರಿಂದ ಮತ್ತೆ ಶುರು ಮಾಡಿತು. ಬುಕ್ ಮಾಡುವಾಗಲೇ ಸುಂಕ ಕಟ್ಟಿಸಿಕೊಳ್ಳುವ ಏರ್ಪಾಡು ಬಂತು. ದರಗಳು ಪದೇ ಪದೇ ಬದಲಾಗುತ್ತಿವೆ, ಆದ್ದರಿಂದ ಹೋದ ವರ್ಷ ಗೆಳತಿ ಎಷ್ಟು ಕಟ್ಟಿದಳು ಎಂಬುದರ ಮೇಲೆ ಹೋಗಬೇಡಿ. ಆರ್ಡರ್ ಮಾಡುವ ವಾರದಲ್ಲೇ ಕೇಳಿ.

ಯುರೋಪಿಯನ್ ಒಕ್ಕೂಟದಲ್ಲಿ 22 ಯೂರೋ ಒಳಗಿನದಕ್ಕೆ ಇದ್ದ ವ್ಯಾಟ್ ವಿನಾಯಿತಿ 2021ರ ಜುಲೈ 1ಕ್ಕೆ ಮುಗಿಯಿತು. ಈಗ ಮೊದಲ ಯೂರೋದಿಂದಲೇ ವ್ಯಾಟ್. ಆಸ್ಟ್ರೇಲಿಯಾದಲ್ಲಿ 1,000 ಡಾಲರ್ ಒಳಗಿನದಕ್ಕೆ ಸುಂಕ ಇಲ್ಲ. ದೊಡ್ಡ ವ್ಯಾಪಾರಿಗಳು ಶೇ. 10 ಜಿಎಸ್‌ಟಿ ಸೇರಿಸುತ್ತಾರೆ. ಕೆನಡಾದಲ್ಲಿ ಮಿತಿ ಬರೀ 20 ಡಾಲರ್. ಸಿಂಗಾಪುರದಲ್ಲಿ 2023ರಿಂದ 400 ಡಾಲರ್ ಒಳಗಿನ ಆನ್‌ಲೈನ್ ಖರೀದಿಗೂ ಜಿಎಸ್‌ಟಿ ಬಂದಿದೆ.

ಯಾವ ದೇಶವಾದರೂ ಅಂಗಡಿಯವರನ್ನು ಕೇಳಬೇಕಾದ ಪ್ರಶ್ನೆ ಒಂದೇ: "ಈ ರೇಟ್ ಡಿಡಿಪಿನಾ?" ಡಿಡಿಪಿ ಎಂದರೆ ಸುಂಕ, ತೆರಿಗೆ ಎಲ್ಲ ಅವರೇ ಕಟ್ಟಿ ಕಳಿಸುತ್ತಾರೆ, ಬಾಗಿಲಲ್ಲಿ ನೀವು ಏನೂ ಕೊಡಬೇಕಿಲ್ಲ. ಅಲ್ಲ ಎಂದರೆ ಪಾರ್ಸೆಲ್ ಬಂದಾಗ ಇನ್ನೊಂದು ಬಿಲ್ ಬರುತ್ತದೆ ಎಂದೇ ಲೆಕ್ಕ.

ಹೆಜ್ಜೆ 7: ದುಡ್ಡು ಕಟ್ಟುವುದು

ಕ್ರೆಡಿಟ್ ಕಾರ್ಡ್ ಅಥವಾ ಪೇಪಾಲ್. ಬೇರೆ ಯಾವುದೂ ಮೊದಲ ಸಲದ ಅಂಗಡಿಗೆ ಬೇಡ.

ಅನಿವಾಸಿ ಭಾರತೀಯರ ಎನ್‌ಆರ್‌ಇ, ಎನ್‌ಆರ್‌ಒ ಬ್ಯಾಂಕ್ ಖಾತೆಗೆ ಹೊರದೇಶದ ಮೊಬೈಲ್ ನಂಬರ್ ಜೋಡಿಸಿ ಯುಪಿಐ ಮಾಡಲು 2023ರಲ್ಲಿ ಅನುಕೂಲ ಬಂತು. ಅಮೆರಿಕ, ಬ್ರಿಟನ್, ಆಸ್ಟ್ರೇಲಿಯಾ, ಕೆನಡಾ, ಸಿಂಗಾಪುರ, ಯುಎಇ ಸೇರಿ ಹತ್ತು ದೇಶಗಳಿಂದ ಅದು ಶುರುವಾಯಿತು. ಸುಲಭ ಹೌದು. ಅಂಗಡಿಯವರೂ ಅದನ್ನೇ ಕೇಳುತ್ತಾರೆ, ಅವರಿಗೆ ಕಮಿಷನ್ ಖರ್ಚಿಲ್ಲ. ಆದರೆ ಯುಪಿಐನಲ್ಲಿ ಹೋದ ದುಡ್ಡು ಹೋದಂತೆಯೇ. ಕಾರ್ಡಿನಲ್ಲಾದರೆ ಮಾಲು ಬರಲಿಲ್ಲ, ಹೇಳಿದ್ದೇ ಬೇರೆ ಬಂದದ್ದೇ ಬೇರೆ ಎಂದು ಬ್ಯಾಂಕಿಗೆ ದೂರು ಕೊಟ್ಟು ಚಾರ್ಜ್‌ಬ್ಯಾಕ್, ಅಂದರೆ ಕಟ್ಟಿದ ದುಡ್ಡು ವಾಪಸ್, ಕೇಳಬಹುದು. ಬ್ರಿಟನ್‌ನಲ್ಲಿ ಒಂದೇ ವಸ್ತುವಿನ ಬೆಲೆ 100 ಪೌಂಡ್ ಮೀರಿ 30,000 ಪೌಂಡ್ ಒಳಗಿದ್ದರೆ 1974ರ ಗ್ರಾಹಕ ಸಾಲ ಕಾಯ್ದೆಯ 75ನೇ ಸೆಕ್ಷನ್ ಪ್ರಕಾರ ಕ್ರೆಡಿಟ್ ಕಾರ್ಡ್ ಕಂಪನಿಯೂ ಹೊಣೆ. ಹೊರದೇಶದಿಂದ ಕೊಂಡದ್ದಕ್ಕೂ ಇದು ಸಲ್ಲುತ್ತದೆ. ಅಮೆರಿಕದಲ್ಲಿ ಸ್ಟೇಟ್‌ಮೆಂಟ್ ಬಂದ 60 ದಿನದೊಳಗೆ ದೂರು ಕೊಡಬೇಕು. ಎರಡು ತಿಂಗಳು ಕಾಯುತ್ತಾ ಕೂತರೆ ಈ ಹಕ್ಕು ಕೈತಪ್ಪುತ್ತದೆ.

ಪೇಮೆಂಟ್ ಪುಟದಲ್ಲಿ 'ನಿಮ್ಮ ದೇಶದ ಕರೆನ್ಸಿಯಲ್ಲಿ ಕಟ್ಟುವಿರಾ?' ಎಂದು ಕೇಳಿದರೆ ಬೇಡ ಅನ್ನಿ. ರೂಪಾಯಿಯನ್ನೇ ಆರಿಸಿ. ಅವರು ಹಾಕುವ ವಿನಿಮಯ ದರ ಸಾಮಾನ್ಯವಾಗಿ ನಿಮ್ಮ ಬ್ಯಾಂಕಿನದಕ್ಕಿಂತ ತುಟ್ಟಿ.

ಹೆಜ್ಜೆ 8: ಪ್ಯಾಕಿಂಗ್ ಮತ್ತು ಚೀಟಿ

ಕೊರಿಯರ್‌ನವರು ನಿಜ ತೂಕ, ಗಾತ್ರದ ತೂಕ ಎರಡರಲ್ಲಿ ಯಾವುದು ಜಾಸ್ತಿಯೋ ಅದಕ್ಕೆ ದುಡ್ಡು ಹಾಕುತ್ತಾರೆ. ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರ್‌ನಲ್ಲಿ ಗುಣಿಸಿ 5,000ದಿಂದ ಭಾಗಿಸುವುದು ಸಾಮಾನ್ಯ ಲೆಕ್ಕ. ಡ್ಯಾನ್ಸ್ ಸೆಟ್ 900 ಗ್ರಾಂ ಇದ್ದರೂ 30, 25, 15 ಸೆಂಟಿಮೀಟರ್ ಡಬ್ಬದಲ್ಲಿ ಹಾಕಿದರೆ 2.25 ಕಿಲೋ ಲೆಕ್ಕಕ್ಕೆ ಹೋಗುತ್ತದೆ! ಗಟ್ಟಿ ಪ್ಲಾಸ್ಟಿಕ್ ಬಾಕ್ಸ್‌ಗಳು ಬೇಡ ಎನ್ನಿ. ಒಂದೊಂದನ್ನೂ ಜಿಪ್ ಕವರಿಗೆ ಹಾಕಿ, ಬಬಲ್ ಸುತ್ತಿ, ಒಂದು ಗಟ್ಟಿ ರಟ್ಟಿನ ಡಬ್ಬದಲ್ಲಿ ಅಲುಗದಂತೆ ತುಂಬಿದರೆ ಸಾಕು. ಗಾಜಿನ ಬಳೆಗಳನ್ನು ಇದರ ಜೊತೆ ಸೇರಿಸಬೇಡಿ.

ಹೊರಗಿನ ಕಸ್ಟಮ್ಸ್ ಚೀಟಿಯಲ್ಲಿ ಬರೀ 'ಜ್ಯುವೆಲರಿ' ಎಂದು ಬರೆದರೆ ಚಿನ್ನವೇನೋ ಎಂದು ತಡೆದು ನಿಲ್ಲಿಸಬಹುದು. 'ಇಮಿಟೇಶನ್ ಜ್ಯುವೆಲರಿ, ಹಿತ್ತಾಳೆ' ಎಂದು ಪೂರ್ತಿ ಬರೆಸಿ. ಮಾಲಿನ ವರ್ಗ ಹೇಳುವ ಎಚ್‌ಎಸ್ ಕೋಡ್ 7117 ಇರಬೇಕು. ನಿಜವಾದ ಬೆಲೆ ಇರಬೇಕು. ಒಳಗೊಂದು ಬಿಲ್, ಹೊರಗೊಂದು ಬಿಲ್.

ಕೆಲವು ವಸ್ತುಗಳನ್ನು ತರಿಸಲೇಬಾರದು. ಕೃಷ್ಣನ ವೇಷದ ಕಿರೀಟದಲ್ಲಿ ನಿಜವಾದ ನವಿಲುಗರಿ ಇದ್ದರೆ ಅದರ ರಫ್ತು ಭಾರತದಲ್ಲೇ ನಿಷಿದ್ಧ. ಗುಲಗಂಜಿ ಪೋಣಿಸಿದ ಸರ ನೋಡಲು ಎಷ್ಟು ಚೆಂದ! ಆದರೆ ಆ ಬೀಜ ವಿಷ. ಆಸ್ಟ್ರೇಲಿಯಾದವರು ಬೀಜ, ಕಾಯಿಗಳ ಸರವನ್ನು ಗಡಿಯಲ್ಲೇ ಹಿಡಿದು ನೋಡುತ್ತಾರೆ. ಹವಳ ಎಂದು ಹೇಳಿ ಕೊಡುವುದಾದರೆ ಗಾಜಿನದೋ ಅಸಲಿಯೋ ಕೇಳಿ. ಅಸಲಿ ಆದರೆ ವನ್ಯಜೀವಿ ನಿಯಮಗಳು ಅಡ್ಡ ಬರಬಹುದು.

ಊರಿಂದ ಬರುವವರ ಸೂಟ್‌ಕೇಸಿನಲ್ಲಿ ತರಿಸುವ ದಾರಿಯೂ ಇದ್ದೇ ಇದೆ. ಆದರೆ ಒಳ್ಳೆಯ ಮ್ಯಾಟ್ ಫಿನಿಶ್ ಸೆಟ್ ಸ್ಕ್ಯಾನರ್ ಮುಂದೆ ಕೂತವರಿಗೆ ಚಿನ್ನದ ಹಾಗೇ ಕಾಣುತ್ತದೆ. ತರುವವರ ಕೈಯಲ್ಲಿ ಅಂಗಡಿಯ ಬಿಲ್ ಕೊಟ್ಟು ಕಳಿಸಿ, ಅದು ಬ್ಯಾಗಿನ ತಳದಲ್ಲಿ ಇರದಿರಲಿ. ನೀವು ರಜೆಗೆ ಊರಿಗೆ ಹೋಗುವಾಗ ಹಾಕಿಕೊಂಡು ಹೋದರೂ ಅಷ್ಟೇ.

ಸಮಯದ ಮಾತು: ವರಮಹಾಲಕ್ಷ್ಮಿಯಿಂದ ದೀಪಾವಳಿಯವರೆಗೆ ಅಂಗಡಿಗಳಿಗೆ ಉಸಿರಾಡಲು ಪುರುಸೊತ್ತಿಲ್ಲ. ಹಬ್ಬಕ್ಕೆ ಆರು ವಾರ ಮೊದಲೇ ಆರ್ಡರ್ ಮುಗಿಸಿ. ಬೇಸಿಗೆ ರಜೆಯ ರಂಗಪ್ರವೇಶಕ್ಕೆ ಜಡೆ, ಡಾಬು ಮಾಡಿಸುವುದಿದ್ದರೆ ಮೂರು ತಿಂಗಳು ಮೊದಲು. ಸರಿಹೊಂದದಿದ್ದರೆ ಬೇರೆಯದು ತರಿಸಲೂ ದಿನ ಬೇಕಲ್ವಾ.

ಹೆಜ್ಜೆ 9: ಪಾರ್ಸೆಲ್ ಬಂದ ದಿನ

ಕತ್ತರಿ ಹಾಕುವ ಮೊದಲು ಫೋನ್ ವಿಡಿಯೋ ಆನ್ ಮಾಡಿ. ಮುಚ್ಚಿದ ಪಾರ್ಸೆಲ್‌ನ ಆರೂ ಬದಿ, ವಿಳಾಸದ ಚೀಟಿ ತೋರಿಸಿ. ನಿಲ್ಲಿಸದೆ ಬಿಚ್ಚಿ. ಒಂದೊಂದನ್ನೂ ಕವರಿನಿಂದ ತೆಗೆದು ಮುಂದೆ, ಹಿಂದೆ ತೋರಿಸಿ. ಸೆಟ್‌ನಲ್ಲಿ ತಲೆಗೆ ಹಾಕುವ ಸೂರ್ಯ, ಚಂದ್ರ, ರಾಗಟೆ, ಎರಡೂ ಮಾಟಿ ಇವೆಯೇ ಎಣಿಸಿ. ವಿಡಿಯೋ ಮಧ್ಯೆ ತುಂಡಾದರೆ ಅಂಗಡಿಯವರು ಒಪ್ಪುವುದಿಲ್ಲ, ಎಷ್ಟೋ ಕಡೆ ಇದನ್ನು ಷರತ್ತಿನಲ್ಲೇ ಬರೆದಿರುತ್ತಾರೆ. 24 ಗಂಟೆಯೊಳಗೆ ತಿಳಿಸಬೇಕು ಎಂದೂ ಇರುತ್ತದೆ.

ಪದಕದ ಹತ್ತಿರ ಒಂದು ಅಯಸ್ಕಾಂತ ಹಿಡಿದು ನೋಡಿ. ಹಿತ್ತಾಳೆಗೆ ಅದು ಅಂಟುವುದಿಲ್ಲ. ಗಟ್ಟಿಯಾಗಿ ಹಿಡಿದುಕೊಂಡರೆ ಒಳಗಿರುವುದು ಕಬ್ಬಿಣ. ತಿರುಪು, ಕೊಕ್ಕೆಗಳು ಮಾತ್ರ ಅಂಟಿದರೆ ಚಿಂತೆ ಇಲ್ಲ.

ತೊಂದರೆ ಕಂಡರೆ ಮೊದಲು ಅಂಗಡಿಯವರಿಗೆ ಸಮಾಧಾನವಾಗಿ ಬರೆಯಿರಿ. ಪೂರ್ತಿ ವಾಪಸ್ ಕೇಳುವುದಕ್ಕಿಂತ ಸ್ವಲ್ಪ ಹಣ ಹಿಂದಿರುಗಿಸಿ ಎಂದೋ, ಕೆಟ್ಟ ಭಾಗವನ್ನಷ್ಟೇ ಮತ್ತೆ ಕಳಿಸಿ ಎಂದೋ ಕೇಳಿದರೆ ಒಪ್ಪುವ ಸಾಧ್ಯತೆ ಹೆಚ್ಚು. ಒಂದು ವಾರದಲ್ಲಿ ಉತ್ತರ ಬರದಿದ್ದರೆ ವಿಡಿಯೋ, ಸ್ಕ್ರೀನ್‌ಶಾಟ್, ಬಿಲ್ ಎಲ್ಲ ಸೇರಿಸಿ ಬ್ಯಾಂಕಿಗೆ ಹೋಗಿ.

ಎಲ್ಲ ಸರಿ ಇದ್ದರೆ ಇನ್ನು ಬಾಳಿಕೆಯ ಮಾತು. ಪರ್ಫ್ಯೂಮ್, ಹೇರ್ ಸ್ಪ್ರೇ ಹಾಕಿ ಒಣಗಿದ ಮೇಲೆಯೇ ಒಡವೆ ಹಾಕಿ. ತೆಗೆದ ಮೇಲೆ ಒಣ ಹತ್ತಿ ಬಟ್ಟೆಯಲ್ಲಿ ಬೆವರು ಒರೆಸಿ, ಒಂದೊಂದನ್ನೂ ಬೇರೆ ಬೇರೆ ಜಿಪ್ ಕವರಿನಲ್ಲಿ ಗಾಳಿ ಒತ್ತಿ ತೆಗೆದು ಇಡಿ. ಒಂದು ಸಣ್ಣ ಸಿಲಿಕಾ ಜೆಲ್ ಪೊಟ್ಟಣ ಹಾಕಿದರೆ ಇನ್ನೂ ಒಳ್ಳೆಯದು. ಕಳಶಕ್ಕೆ ಹಾಕಿದ ಸರವನ್ನು ವಿಸರ್ಜನೆಗೆ ಮೊದಲೇ ತೆಗೆಯಿರಿ. ಒದ್ದೆ ಅರಿಶಿನ, ಕುಂಕುಮ ಕಲ್ಲಿನ ಸಂದಿಗೆ ಇಳಿದರೆ ಬಿಡಿಸುವುದು ಬಹಳ ಕಷ್ಟ. ಒಣಗಿದ್ದರೆ ಮೆತ್ತನೆಯ ಬ್ರಷ್‌ನಲ್ಲಿ ಕೊಡವಿ, ನೀರು ಮಾತ್ರ ಹಾಕಬೇಡಿ.